ಟೆರಿಯರ್ ಎಂಜಿನ್ನಿನ ಮಾದರಿ: ತೂಕದ ಲೆಕ್ಕದಿಂದ ಹಳಿಯವರೆಗೆ

ಟೆರಿಯರ್ ಎಂಬುದು ಇಂಗ್ಲೆಂಡಿನ ಹಳೆಯ ಹಬೆ ರೈಲಿನ ಎಂಜಿನ್ನು, ಅದರ ಮಾದರಿ ಕಟ್ಟಿದ ಕತೆ ಇದು. ಅಸಲಿ ಎಂಜಿನ್ನು ನೀರು, ಕಲ್ಲಿದ್ದಲು ತುಂಬಿಕೊಂಡು ನಿಂತರೆ ಸುಮಾರು 28 ಟನ್. ಅಡಿಗೆ 7 ಮಿ.ಮೀ. ಲೆಕ್ಕದ ಓ ಗೇಜ್ ಮಾದರಿಗೆ ಇಳಿಸಿದಾಗ ಉದ್ದ, ಅಗಲ, ಎತ್ತರ ಮೂರೂ 43.5 ಪಟ್ಟು ಕುಗ್ಗುತ್ತವೆ. ತೂಕ 82 ಸಾವಿರ ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಉಳಿಯುವುದು 340 ಗ್ರಾಮಿನ ಆಸುಪಾಸು. ಅಷ್ಟು ಹಗುರದ ಎಂಜಿನ್ನು ಎರಡು ಬೋಗಿ ಎಳೆಯಬೇಕು, ಆರೂ ಗಾಲಿಗಳ ಮೂಲಕ ಹಳಿಯಿಂದ ತಡೆಯಿಲ್ಲದೆ ಕರೆಂಟು ತೆಗೆದುಕೊಳ್ಳಬೇಕು ಅಂದರೆ ಆಗದ ಮಾತು. ಇದನ್ನು ರೂಪಿಸಿದ ವಿಲಿಯಂ ಸ್ಟ್ರೌಡ್ಲಿ ಎಂಜಿನ್ನನ್ನು ಆದಷ್ಟು ಹಗುರ ಮಾಡಲು ತಲೆ ಓಡಿಸಿದ. ಅದರ ಮಾದರಿ ಕಟ್ಟುವವನು ಆದಷ್ಟು ಭಾರ ಮಾಡಲು ತಲೆ ಓಡಿಸಬೇಕು. ನನ್ನ ಕೆಲಸವೆಲ್ಲ ಈ ಜಗ್ಗಾಟದ ಸುತ್ತಲೇ ನಡೆದದ್ದರಿಂದ ಲೆಕ್ಕವನ್ನು ಮೊದಲೇ ಮುಂದಿಟ್ಟೆ.

ಎಂಜಿನ್ನಿನ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಸ್ಟ್ರೌಡ್ಲಿ 1870ರಲ್ಲಿ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಗೆ ಲೋಕೋಮೋಟಿವ್ ಸೂಪರಿಂಟೆಂಡೆಂಟ್ ಆಗಿ ಬಂದ. ಲಂಡನ್ನಿನ ದಕ್ಷಿಣ ಭಾಗದಲ್ಲಿ, ಥೇಮ್ಸ್ ನದಿಯ ಕೆಳಗಿನ ಸುರಂಗದ ಮೂಲಕ ಹೋಗುವ ಈಸ್ಟ್ ಲಂಡನ್ ಮಾರ್ಗದಲ್ಲಿ, ಹಗುರವಾದ ಹಳಿಗಳ ಮೇಲೆ ಗಳಿಗೆಗೊಮ್ಮೆ ನಿಂತು ಹೊರಡುವ ಗಾಡಿಗಳಿಗೆ ಒಂದು ಚಿಕ್ಕ ಎಂಜಿನ್ನು ಬೇಕಿತ್ತು. 1872ರಿಂದ 1880ರ ಒಳಗೆ ಬ್ರೈಟನ್ ಕಾರ್ಖಾನೆಯಲ್ಲಿ ಇಂಥ 50 ಎಂಜಿನ್ನು ತಯಾರಾದವು. ಎ1 ಎಂಬುದು ಕಾಗದದ ಮೇಲಿನ ಹೆಸರು, ಜನ ಕರೆದದ್ದು ಟೆರಿಯರ್ ಅಂತ. ಆರು ಗಾಲಿ, ಆರೂ ಜೋಡಿಸಿದವು, ಒಂದೊಂದೂ 4 ಅಡಿ ವ್ಯಾಸ. ಸಿಲಿಂಡರುಗಳು ಚೌಕಟ್ಟಿನ ಒಳಗಡೆ. ಬಾಯ್ಲರಿನ ಎರಡೂ ಪಕ್ಕ ನೀರಿನ ತೊಟ್ಟಿ, ಹಿಂದೆ ಸಣ್ಣದೊಂದು ಕಲ್ಲಿದ್ದಲಿನ ಬಂಕರ್. ಮುಂದಿನ ತುದಿಯ ಬಫರಿನಿಂದ ಹಿಂದಿನ ತುದಿಯ ಬಫರಿಗೆ 26 ಅಡಿ ಚಿಲ್ಲರೆ, ಅಷ್ಟೇ.

ಲಂಡನ್ನಿನ ಗಾಡಿಗಳು ದೊಡ್ಡದಾದಂತೆ ಇವಕ್ಕೆ ಅಲ್ಲಿ ಕೆಲಸ ಕಡಿಮೆಯಾಯಿತು. ಗುಜರಿಗೆ ಹೋಗಬೇಕಿದ್ದ ಎಂಜಿನ್ನುಗಳನ್ನು ಉಳಿಸಿದ್ದು ಹಳ್ಳಿಗಾಡಿನ ಕವಲು ಹಾದಿಗಳು. ದಿನಕ್ಕೆ ಕೆಲವೇ ಗಾಡಿ, ಗಾಡಿಗೆ ಒಂದೋ ಎರಡೋ ಬೋಗಿ, ಜನ ಇದ್ದರೆ ಇದ್ದರು. ಅಂಥ ಕಡೆ ಭಾರದ ಹಳಿ ಹಾಕುವ ದುಡ್ಡು ಯಾರ ಬಳಿಯೂ ಇರಲಿಲ್ಲ. ಹಗುರ ಹಳಿ ಇದ್ದಮೇಲೆ ಹಗುರ ಎಂಜಿನ್ನೇ ಬೇಕು. ಟೆರಿಯರ್ ಒಂದು ಅಚ್ಚಿನ (ಎರಡು ಗಾಲಿಗಳನ್ನು ಸೇರಿಸುವ ದಂಡದ) ಮೇಲೆ ಹೇರುವ ಭಾರ ಸುಮಾರು 10 ಟನ್ನಿನೊಳಗೇ ಇದ್ದದ್ದರಿಂದ ಇಂಥ ಹಾದಿಗಳಿಗೆ ಅದು ಹೇಳಿ ಮಾಡಿಸಿದಂತಿತ್ತು.

ನಾನು ಮಾದರಿಗೆ ಆರಿಸಿಕೊಂಡದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಲಿಂಗ್ ದ್ವೀಪದ ಹಾದಿಯ ಎಂಜಿನ್ನನ್ನು. ಹ್ಯಾವಂಟ್ ನಿಲ್ದಾಣದಿಂದ ದ್ವೀಪಕ್ಕೆ ನಾಲ್ಕೂವರೆ ಮೈಲಿ. 1867ರಲ್ಲಿ ಪ್ರಯಾಣಿಕರಿಗೆ ತೆರೆದ ಈ ಹಾದಿಯಲ್ಲಿ ಸಮುದ್ರದ ಕವಲನ್ನು ದಾಟಲು ಲ್ಯಾಂಗ್‌ಸ್ಟನ್ ಎಂಬಲ್ಲಿ ಮರದ ಸೇತುವೆ ಇತ್ತು. ದೋಣಿಗಳಿಗೆ ದಾರಿ ಬಿಡಲು ಅದರ ಒಂದು ಭಾಗ ತಿರುಗಿಕೊಳ್ಳುತ್ತಿತ್ತು. ಆ ಸೇತುವೆ ತಡೆದುಕೊಳ್ಳುತ್ತಿದ್ದ ಭಾರಕ್ಕೆ ಟೆರಿಯರ್ ಬಿಟ್ಟರೆ ಬೇರೆ ಎಂಜಿನ್ನು ಹೊಂದುತ್ತಿರಲಿಲ್ಲ. ಹಾಗಾಗಿ ಬ್ರಿಟನ್ನಿನಲ್ಲಿ ಡೀಸೆಲ್ ಎಂಜಿನ್ನುಗಳು ಎಲ್ಲೆಲ್ಲೂ ಬಂದ ಮೇಲೂ, 1963ರ ನವೆಂಬರಿನ ತನಕ, 1870ರ ದಶಕದ ಎಂಜಿನ್ನುಗಳು ಅಲ್ಲಿ ಗಾಡಿ ಎಳೆಯುತ್ತಲೇ ಇದ್ದವು. ಸೇತುವೆ ರಿಪೇರಿಗೆ 4 ಲಕ್ಷ ಪೌಂಡ್ ಬೇಕೆಂಬ ಅಂದಾಜು ಬಂದದ್ದೇ ಹಾದಿಯನ್ನೇ ಮುಚ್ಚಿದರು. ಸೇತುವೆಯ ಕಾಲುಗಳ ಮೋಟುಗಳು ಈಗಲೂ ನೀರಲ್ಲಿ ನಿಂತಿವೆ.

ನಂಬರಿನಲ್ಲಿ ಹೆಚ್ಚು ಯೋಚಿಸಲಿಲ್ಲ, 32640. ಇದು 1878ರಲ್ಲಿ ‘ಬ್ರೈಟನ್’ ಎಂಬ ಹೆಸರಿನಲ್ಲಿ ತಯಾರಾಗಿ, ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋಗಿ ಚಿನ್ನದ ಪದಕ ಪಡೆದ ಎಂಜಿನ್ನು. 1902ರಲ್ಲಿ ಐಲ್ ಆಫ್ ವೈಟ್ ದ್ವೀಪದ ರೈಲ್ವೆಗೆ ಮಾರಾಟವಾಯಿತು, ಅಲ್ಲಿ ‘ನ್ಯೂಪೋರ್ಟ್’ ಆಯಿತು, 1947ರಲ್ಲಿ ಮತ್ತೆ ಮುಖ್ಯ ಭೂಮಿಗೆ ಬಂದು ಹೇಲಿಂಗ್ ಗಾಡಿ ಎಳೆಯಿತು. ಪದಕ ಗೆದ್ದದ್ದು ಅಂತ ಯಾರೂ ಅದನ್ನು ಗಾಜಿನ ಕೋಣೆಯಲ್ಲಿ ಇಡಲಿಲ್ಲ. 85 ವರ್ಷ ದುಡಿಸಿಕೊಂಡರು. ಒಬ್ಬ ಕೆಲಸಗಾರನಿಗೆ ಇದಕ್ಕಿಂತ ಒಳ್ಳೆಯ ಪದಕ ಇಲ್ಲ ಅಂತ ನನಗನ್ನಿಸುತ್ತದೆ. ಈಗ ಅದು ಐಲ್ ಆಫ್ ವೈಟಿನ ಸ್ಟೀಮ್ ರೈಲ್ವೆಯಲ್ಲಿದೆ.

ಈ ತರ್ಕ ಇಂಗ್ಲೆಂಡಿಗೆ ಮಾತ್ರ ಸೇರಿದ್ದಲ್ಲ. ನಮ್ಮಿಂದ ದೂರವೇನಲ್ಲದ ಮಹಾರಾಷ್ಟ್ರದ ಬಾರ್ಸಿ ಲೈಟ್ ರೈಲ್ವೆಯಲ್ಲಿ ಎವರಾರ್ಡ್ ಕ್ಯಾಲ್ತ್ರಾಪ್ 1897ರಲ್ಲಿ ಒಂದು ಅಚ್ಚಿಗೆ 5 ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು ಅಂತ ಗೆರೆ ಎಳೆದು, ಎಂಜಿನ್ನಿಗೂ ವ್ಯಾಗನ್ನಿಗೂ ಅದನ್ನೇ ಹಚ್ಚಿದ. ಪಂಢರಾಪುರಕ್ಕೆ ಹೋಗುತ್ತಿದ್ದ ಪುಟ್ಟ ರೈಲು ಅದೇ. ಹಾದಿ ಬಡವಾದಾಗ ಜಾಣತನವೆಲ್ಲ ಅಚ್ಚಿನ ಭಾರದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಚೌಕಟ್ಟು ಮತ್ತು ಗಾಲಿ

ಗಾಲಿ 28 ಮಿ.ಮೀ., ಮೊದಲ ಅಚ್ಚಿನಿಂದ ಕೊನೆಯ ಅಚ್ಚಿಗೆ 84 ಮಿ.ಮೀ., ನಡುವಿನದ್ದು ಸರಿಯಾಗಿ ಮಧ್ಯದಲ್ಲಿ. ಲೆಕ್ಕಕ್ಕೆ ಬಹಳ ಸುಲಭದ ಎಂಜಿನ್ನು. ಗಾಲಿಗಳನ್ನು ಮಾತ್ರ ಇಂಗ್ಲೆಂಡಿನಿಂದ ತರಿಸಿದೆ, ಯಾಕೆಂದರೆ ಕಡ್ಡಿ ಬೇರೆ, ಉಕ್ಕಿನ ಪಟ್ಟಿ ಬೇರೆ, ನಡುವೆ ವಿದ್ಯುತ್ ತಡೆ ಇರುವ ಗಾಲಿ ಇಲ್ಲಿ ಸಿಗುವುದಿಲ್ಲ. ಮಿಕ್ಕಿದ್ದೆಲ್ಲ ಬೆಂಗಳೂರಿನ ಪೇಟೆಯದು. ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಿವೆಯಲ್ಲ, ಅಲ್ಲಿ ಸಿಗುವ ಸಣ್ಣ ಗರಗಸ, ಅದರ ಕೂದಲೆಳೆ ಬ್ಲೇಡು, ಸೂಜಿ ಅರಗಳ ಸೆಟ್ಟು, ಇವಕ್ಕಿಂತ ಒಳ್ಳೆಯ ಉಪಕರಣ ಈ ಕೆಲಸಕ್ಕೆ ಬೇಕಿಲ್ಲ. ಮಾಡೆಲ್ ಅಂಗಡಿಗಳಲ್ಲಿ ಇದೇ ಸಾಮಾನು ಮೂರು ಪಟ್ಟು ಬೆಲೆಗೆ ಬರುತ್ತದೆ.

ಚೌಕಟ್ಟಿಗೆ 1 ಮಿ.ಮೀ. ಹಿತ್ತಾಳೆ ತಗಡು. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಂಚಿಗೆ ಬೆಸೆದು, ಒಂದೇ ತಗಡು ಎಂಬಂತೆ ಗರಗಸದಲ್ಲಿ ಕತ್ತರಿಸಿ, ಒಟ್ಟಿಗೇ ಅರ ಹಾಕಿದೆ. ಕೊನೆಗೆ ಕಾಯಿಸಿ ಬಿಡಿಸಿದರೆ ಎರಡೂ ಪಕ್ಕ ತದ್ರೂಪ. ಒಂದು ಪಕ್ಕದ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡುಗಳಿಗೂ ಇದೇ ವಿಧಾನ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆರು ಗಾಲಿ ಜೋಡಿಸಿದ ಎಂಜಿನ್ನು ತಡವರಿಸದೆ ಓಡಬೇಕಾದರೆ ಅಚ್ಚುಗಳ ನಡುವಿನ ಅಂತರವೂ ರಾಡಿನ ತೂತುಗಳ ನಡುವಿನ ಅಂತರವೂ ಒಂದೇ ಆಗಿರಬೇಕು. 42 ಮಿ.ಮೀ. ಇದೆಯೋ 42.1 ಇದೆಯೋ ಎಂಬುದು ಮುಖ್ಯವೇ ಅಲ್ಲ. ಎರಡೂ ಕಡೆ ಅದೇ ಇರಬೇಕು. ಅದಕ್ಕೆ ಸ್ಕೇಲು ಹಿಡಿದು ಎರಡು ಸಲ ಅಳೆಯುವುದಕ್ಕಿಂತ, ಮೊದಲು ರಾಡು ಕೊರೆದು, ಆ ರಾಡನ್ನೇ ಅಳತೆಗೋಲಾಗಿ ಚೌಕಟ್ಟಿನ ಮೇಲೆ ಕೂರಿಸಿ, ಅದರ ತೂತಿನ ಮೂಲಕವೇ ಚೌಕಟ್ಟನ್ನು ಕೊರೆಯುವುದು ಸರಿಯಾದ ದಾರಿ. 1.5 ಮಿ.ಮೀ. ಬಿಟ್ಟಿನಿಂದ ಶುರು ಮಾಡಿ, ಮೊದಲ ತೂತಿಗೆ ಒಂದು ಪಿನ್ನು ಹಾಕಿ ರಾಡು ಅಲುಗದಂತೆ ಮಾಡಿ, ಆಮೇಲೆ ಉಳಿದವು. ಅಚ್ಚಿನ ಅಳತೆಗೆ ಹಿಗ್ಗಿಸುವುದು ರೀಮರಿನಿಂದ, ಕೈಯಲ್ಲೇ.

ಹಿಂದಿನ ಅಚ್ಚು ಸ್ಥಿರ. ಮುಂದಿನ ಎರಡು ಅಚ್ಚುಗಳು ಎರಡೂ ಪಕ್ಕದಲ್ಲಿ ಒಂದೊಂದು ತೂಗುಪಟ್ಟಿಯ ಮೇಲೆ ನಿಂತಿವೆ: 2 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ, ನಡುವೆ ಒಂದು ಪಿನ್ನು. ಮುಂದಿನ ಗಾಲಿ ಉಬ್ಬಿನ ಮೇಲೆ ಹತ್ತಿದರೆ ನಡುವಿನದ್ದು ಅಷ್ಟೇ ಕೆಳಗಿಳಿಯುತ್ತದೆ. ಅಚ್ಚು ಮೇಲೆ ಕೆಳಗೆ ಆಡಲು ಚೌಕಟ್ಟಿನಲ್ಲಿ ಕಂಡಿ ಬಿಟ್ಟು, ಅದರೊಳಗೆ ಜಾರುವ ಬೇರಿಂಗ್ ಕೂರಿಸಿದೆ. ಹೀಗೆ ಮಾಡಿದಾಗ ಕಪ್ಲಿಂಗ್ ರಾಡು ಒಂದೇ ತುಂಡಾಗಿರುವಂತಿಲ್ಲ, ನಡುವೆ ಗೆಣ್ಣು ಬೇಕು. ಕೆಲಸ ಹೆಚ್ಚು, ಆದರೆ ಹಗುರವಾದ ಮಾದರಿಗೆ ಇದನ್ನು ಬಿಟ್ಟರೆ ಉಳಿಗಾಲವಿಲ್ಲ. ಗಡುಸಾಗಿ ಕಟ್ಟಿದ ಆರು ಗಾಲಿಯ ಚೌಕಟ್ಟಿನಲ್ಲಿ ಖಾತ್ರಿಯಾಗಿ ನೆಲ ಮುಟ್ಟುವುದು ಮೂರೇ ಗಾಲಿ. ಉಳಿದವು ಕೂದಲೆಳೆ ಮೇಲೆ ತೇಲುತ್ತಿರುತ್ತವೆ, ಕರೆಂಟು ಕಡಿದುಹೋಗುತ್ತದೆ, ಎಂಜಿನ್ನು ತೊದಲುತ್ತದೆ. ದೊಡ್ಡ ಎಂಜಿನ್ನು ತನ್ನ ತೂಕದಿಂದಲೇ ಇದನ್ನು ಮುಚ್ಚಿಕೊಳ್ಳುತ್ತದೆ, ಪುಟ್ಟದಕ್ಕೆ ಆ ಅನುಕೂಲ ಇಲ್ಲ.

ಗಾಲಿಗಳನ್ನು ಅಚ್ಚಿಗೆ ಹಾಕುವಾಗ ರಾಡು ಸಿಕ್ಕಿಸುವ ಬಲಗಡೆಯ ಕ್ರ್ಯಾಂಕ್‌ಪಿನ್ನಿಗೂ ಎಡಗಡೆಯದ್ದಕ್ಕೂ 90 ಡಿಗ್ರಿ ಅಂತರ ಇರಬೇಕು. ಇಲ್ಲೂ ಸರಿಯಾಗಿ 90 ಆಗಬೇಕೆಂಬುದಕ್ಕಿಂತ ಮೂರೂ ಅಚ್ಚಿನಲ್ಲಿ ಒಂದೇ ಕೋನ ಇರಬೇಕೆಂಬುದೇ ಮುಖ್ಯ. ಅಲ್ಯೂಮಿನಿಯಂ ಕೋನಪಟ್ಟಿಯಲ್ಲಿ ಒಂದು ಸಣ್ಣ ಜಿಗ್ ಮಾಡಿಕೊಂಡೆ. ಅಚ್ಚು ಅದರ ಮೂಲೆಯಲ್ಲಿ ಕೂತರೆ ಒಂದು ಪಿನ್ನು ಲಂಬಕ್ಕೆ, ಇನ್ನೊಂದು ಅಡ್ಡಕ್ಕೆ ತಾಗಿ ನಿಲ್ಲುತ್ತದೆ. ರಾಡು ಹಾಕಿ ಬೆರಳಿಂದ ಗಾಲಿ ತಿರುಗಿಸಿದಾಗ ಎಲ್ಲೂ ಬಿಗಿ ಸಿಗಲಿಲ್ಲ. ಗಾಜಿನ ತುಂಡಿನ ಮೇಲಿಟ್ಟು ಸ್ವಲ್ಪ ಓರೆ ಮಾಡಿದರೆ ತಾನಾಗಿ ಉರುಳಿತು. ಮೋಟಾರ್ ಹಾಕುವ ಮೊದಲು ಈ ಪರೀಕ್ಷೆ ಆಗಲೇಬೇಕು. ಬಿಗಿಯಾದ ಚೌಕಟ್ಟಿಗೆ ಜೋರಿನ ಮೋಟಾರ್ ಹಾಕಿ ಸರಿಮಾಡುತ್ತೇನೆ ಎಂದರೆ ಮುಂದೆ ಗೇರು ಸವೆಯುತ್ತದೆ.

ಮೋಟಾರ್

ಎಸ್.ಪಿ. ರೋಡಿನಲ್ಲಿ ರೋಬಾಟ್ ಮಾಡುವ ಹುಡುಗರು ಕೊಳ್ಳುವ ಎನ್20 ಗೇರ್ ಮೋಟಾರ್ ಇದೆಯಲ್ಲ, ಅದನ್ನೇ ಹಾಕಿದೆ. 12 ವೋಲ್ಟಿಗೆ ನಿಮಿಷಕ್ಕೆ 200 ಸುತ್ತಿನದು. 28 ಮಿ.ಮೀ. ಗಾಲಿಯ ಸುತ್ತಳತೆ ಸುಮಾರು 88 ಮಿ.ಮೀ.; 200 ಸುತ್ತಿಗೆ ಸೆಕೆಂಡಿಗೆ 293 ಮಿ.ಮೀ. ಚಲನೆ. ಅದನ್ನು 43.5ರಿಂದ ಗುಣಿಸಿದರೆ ಅಸಲಿ ಲೆಕ್ಕದಲ್ಲಿ ಗಂಟೆಗೆ 46 ಕಿ.ಮೀ., ಅಂದರೆ 28 ಮೈಲಿ ಚಿಲ್ಲರೆ. ಭಾರ ಎಳೆಯುವಾಗ ಸುತ್ತು ಇಳಿಯುತ್ತದೆ, ಆಗ 25 ಮೈಲಿಯ ಆಸುಪಾಸು. ಬ್ರಿಟನ್ನಿನ ಲೈಟ್ ರೈಲ್ವೆಗಳಿಗೆ ಸಾಮಾನ್ಯವಾಗಿ ಹಾಕುತ್ತಿದ್ದ ವೇಗದ ಮಿತಿ 25 ಮೈಲಿ. ಅಗ್ಗದ ಮೋಟಾರೊಂದು ಪೂರ್ತಿ ವೋಲ್ಟೇಜಿನಲ್ಲೂ ಕಾನೂನು ಮೀರದೆ ಓಡುವುದು ನನಗೆ ತುಂಬಾ ಇಷ್ಟವಾಯಿತು. ಮಾಡೆಲ್ ಎಂಜಿನ್ನುಗಳು ಕವಲು ಹಾದಿಯಲ್ಲಿ ಎಕ್ಸ್‌ಪ್ರೆಸ್ಸಿನ ಹಾಗೆ ಹಾರುವುದನ್ನು ನೋಡಿದರೆ ಮನಸ್ಸು ಕೆಡುತ್ತದೆ.

ಮೋಟಾರಿನ ಅಡ್ಡಳತೆ 12 ಮಿ.ಮೀ., ಬಾಯ್ಲರಿನ ಹೊರವ್ಯಾಸ ಹೊದಿಕೆ ಸೇರಿ ಸುಮಾರು 25. ಉದ್ದುದ್ದಕ್ಕೆ ಮಲಗಿಸಿದರೆ ಬಾಯ್ಲರಿನೊಳಗೆ ಸಲೀಸಾಗಿ ಕೂರುತ್ತದೆ, ಕ್ಯಾಬಿನೊಳಗೆ ಇಣುಕುವುದಿಲ್ಲ. ಅಲ್ಲಿಂದ ಸಣ್ಣ ಗೇರುಗಳ ಮೂಲಕ ಕೆಳಗೆ ಇಳಿಸಿ, ಕೊನೆಯಲ್ಲಿ ತಿರುಗುವ ದಿಕ್ಕನ್ನು ಅಡ್ಡಕ್ಕೆ ಬದಲಿಸುವ, ಸಮ ಹಲ್ಲಿನ ಒಂದು ಜೋಡಿ ಬೆವೆಲ್ ಗೇರಿನಿಂದ ಹಿಂದಿನ ಅಚ್ಚಿಗೆ ತಿರುಗಿಸಿದೆ. ಅಸಲಿಯಲ್ಲಿ ಸಿಲಿಂಡರುಗಳು ತಿರುಗಿಸುವುದು ನಡುವಿನ ಅಚ್ಚನ್ನು. ಆದರೆ ನನ್ನ ನಡುವಿನ ಅಚ್ಚು ತೂಗುಪಟ್ಟಿಯ ಮೇಲೆ ಆಡುವುದರಿಂದ ಗೇರು ಅಲ್ಲಿ ನಿಲ್ಲದು. ಹೊರಗೆ ಕಾಣದ ವಿಷಯ, ಬಿಟ್ಟುಕೊಟ್ಟೆ.

ಕರೆಂಟಿಗೆ 0.4 ಮಿ.ಮೀ. ಫಾಸ್ಫರ್ ಬ್ರಾಂಝ್ ತಂತಿ, ಗಾಲಿಗಳ ಒಳಮೈಗೆ ಒರೆಸುವಂತೆ. ಒತ್ತಡ ಹೆಚ್ಚಾದರೆ ಬ್ರೇಕಿನಂತೆ ಹಿಡಿಯುತ್ತದೆ, ಕಡಿಮೆಯಾದರೆ ಅಚ್ಚು ಅಡ್ಡ ಸರಿದಾಗ ಬಿಟ್ಟುಹೋಗುತ್ತದೆ. ತಂತಿಯನ್ನು ಉದ್ದ ಬಿಟ್ಟಷ್ಟೂ ಮೃದು, ಅದಕ್ಕೆ ಒಂದು ಸುತ್ತು ಸುರುಳಿ ಹಾಕಿಯೇ ಗಾಲಿಗೆ ತಂದೆ.

ಬ್ರೇಕ್ ಕಟ್ಟೆಗಳ ವಿಷಯ ಹೇಳಲೇಬೇಕು. ಎರಡು ಹಳಿಯಿಂದ ಕರೆಂಟು ತೆಗೆದುಕೊಳ್ಳುವ ಮಾದರಿಯಲ್ಲಿ ಬ್ರೇಕ್ ಕಟ್ಟೆ ಲೋಹದ್ದಾಗಿ ಗಾಲಿಗೆ ತಾಗಿದರೆ ಶಾರ್ಟ್ ಆಗುತ್ತದೆ. ದೂರ ಇಟ್ಟರೆ ನೋಡಲು ಹೊಂದುವುದಿಲ್ಲ. ಸ್ಟ್ರೌಡ್ಲಿ ಈ ಎಂಜಿನ್ನುಗಳಿಗೆ ಮೊದಲು ಹಾಕಿದ್ದು ಮರದ ಬ್ರೇಕ್ ಕಟ್ಟೆಗಳನ್ನೇ. ಎರಕದ ಕಬ್ಬಿಣ ಬಂದದ್ದು ಆಮೇಲೆ. ನಾನೂ ಮರದಲ್ಲೇ ಮಾಡಿದೆ. ಹಳೆಯ ತೇಗದ ಕಿಟಕಿಯ ಒಂದು ಚೂರನ್ನು 1.5 ಮಿ.ಮೀ. ದಪ್ಪಕ್ಕೆ ಉಜ್ಜಿ, 28 ಮಿ.ಮೀ. ಕೊಳವೆಗೆ ಮರಳುಕಾಗದ ಸುತ್ತಿ ಅದರ ಮೇಲೆ ತೀಡಿದರೆ ಗಾಲಿಯ ಬಾಗು ಸರಿಯಾಗಿ ಬರುತ್ತದೆ. ಎಳೆ ನಿಂತ ದಿಕ್ಕಿನಲ್ಲಿ ಇರಬೇಕು, ಅಡ್ಡ ಇದ್ದರೆ ಪಿನ್ನಿನ ತೂತು ಕೊರೆಯುವಾಗಲೇ ಸೀಳುತ್ತದೆ. ಕೊನೆಗೆ ತೆಳು ಸೂಪರ್ ಗ್ಲೂ ಕುಡಿಸಿ ಕಪ್ಪು ಬಳಿದರೆ ಕಬ್ಬಿಣವಲ್ಲ ಅನ್ನುವವರಿಲ್ಲ. ಗಾಲಿಗೆ ತಾಗಿದರೂ ಚಿಂತೆಯಿಲ್ಲ.

ಮೈಕಟ್ಟು

ಎ1 ಮಾಡುವುದೋ, ಎ1ಎಕ್ಸ್ ಮಾಡುವುದೋ ಎಂಬುದನ್ನು ತಗಡು ಕತ್ತರಿಸುವ ಮೊದಲೇ ತೀರ್ಮಾನಿಸಬೇಕು. 1911ರಿಂದ ಡಗ್ಲಸ್ ಮಾರ್ಶ್‌ನ ಕಾಲದಲ್ಲಿ ಹಲವು ಟೆರಿಯರ್‌ಗಳಿಗೆ ಹೊಸ ಬಾಯ್ಲರ್ ಹಾಕಿದರು, ಅವು ಎ1ಎಕ್ಸ್ ಆದವು. ಬಾಯ್ಲರಿನ ಮುಂದಿನ, ಚಿಮಣಿ ಕೂರುವ ಹೊಗೆಪೆಟ್ಟಿಗೆ ಮುಂದಕ್ಕೆ ಚಾಚಿತು, ದುಂಡಗಾಗಿ ಒಂದು ಪೀಠದ ಮೇಲೆ ಕೂತಿತು. ಮುಂದಿನ ಗಾಲಿಯ ಮೇಲಿದ್ದ ಮರಳಿನ ಪೆಟ್ಟಿಗೆ ನಡೆಹಲಗೆಯ ಕೆಳಗೆ ಹೋಯಿತು. ಹೇಲಿಂಗ್‌ನ ಎಂಜಿನ್ನು ಎ1ಎಕ್ಸ್, ಹಾಗಾಗಿ ನನ್ನದೂ ಅದೇ.

ಆದರೆ ನಕ್ಷೆ ಓದುವಾಗ ಮನಸ್ಸು ಹೋದದ್ದು ಹಳೆಯ ಎ1ರ ಒಂದು ಕೊಳವೆಯ ಕಡೆಗೆ. ಹೊಗೆಪೆಟ್ಟಿಗೆಯಿಂದ ತೊಟ್ಟಿಯ ಮುಂಭಾಗಕ್ಕೆ ಬಾಗಿ ಬರುವ ದಪ್ಪ ತಾಮ್ರದ ಕೊಳವೆ ಅದು. ಸಿಲಿಂಡರಿನಿಂದ ಕೆಲಸ ಮುಗಿಸಿ ಬಂದ ಹಬೆಯ ಒಂದು ಪಾಲನ್ನು ಸ್ಟ್ರೌಡ್ಲಿ ತೊಟ್ಟಿಯ ನೀರಿಗೆ ತಿರುಗಿಸಿದ್ದ. ಸುರಂಗದಲ್ಲಿ ಹಬೆ ಕಡಿಮೆಯಾಯಿತು, ಚಿಮಣಿಯಲ್ಲಿ ಹಾರಿಹೋಗುತ್ತಿದ್ದ ಶಾಖ ಬಾಯ್ಲರಿಗೆ ಹೋಗುವ ನೀರಿಗೆ ಸೇರಿತು. ಬಿಸಿನೀರನ್ನು ಬಾಯ್ಲರಿಗೆ ತುಂಬಲು ಹಬೆಯ ಬಲದಿಂದ ನೀರು ತಳ್ಳುವ ಇಂಜೆಕ್ಟರ್ ಆಗದು, ಯಾಕೆಂದರೆ ಇಂಜೆಕ್ಟರ್ ಕೆಲಸ ಮಾಡುವುದೇ ಹಬೆ ತಣ್ಣೀರಿಗೆ ತಾಗಿ ಕುಗ್ಗುವುದರಿಂದ. ಅದಕ್ಕೆ ಪಿಸ್ಟನ್ ದಂಡದ ತುದಿಯ ಕ್ರಾಸ್‌ಹೆಡ್ಡಿಗೆ ಜೋಡಿಸಿದ ಪಂಪು ಹಾಕಿದ. ಪಂಪು ನಡೆಯುವುದು ಎಂಜಿನ್ನು ಉರುಳಿದಾಗ ಮಾತ್ರ. ನಿಲ್ದಾಣದಲ್ಲಿ ಬಹಳ ಹೊತ್ತು ನಿಂತರೆ ನೀರು ತುಂಬಲು ಎಂಜಿನ್ನನ್ನೇ ಹಿಂದೆ ಮುಂದೆ ಓಡಿಸಬೇಕು. ಗಳಿಗೆಗೊಮ್ಮೆ ಹೊರಡುವ ಲಂಡನ್ನಿನ ಗಾಡಿಗೆ ಇದು ತೊಂದರೆಯಲ್ಲ, ಮಧ್ಯಾಹ್ನವಿಡೀ ಸುಮ್ಮನೆ ನಿಲ್ಲುವ ಹಳ್ಳಿ ನಿಲ್ದಾಣದಲ್ಲಿ ದೊಡ್ಡ ತೊಂದರೆ. ಮುಂದೆ ಈ ಏರ್ಪಾಡನ್ನು ತೆಗೆದು ಇಂಜೆಕ್ಟರ್ ಕೂರಿಸಿದರು. ಎಂಜಿನ್ನು ಊರು ಬದಲಿಸಿದಾಗ ಅದರ ಕೊಳವೆಗಳೂ ಬದಲಾಗುತ್ತವೆ. ಇಂಥದ್ದು ಬರೀ ಫೋಟೋ ನೋಡಿದರೆ ಹೊಳೆಯುವುದಿಲ್ಲ. ಯಾವ ಕೊಳವೆ ಹಾಕಲಿ, ಯಾವುದು ಬಿಡಲಿ ಎಂದು ಕೈಯಲ್ಲಿ ತಂತಿ ಹಿಡಿದು ಕೂತಾಗ ಮಾತ್ರ ‘ಇದು ಯಾಕೆ ಇಲ್ಲಿದೆ’ ಎಂಬ ಪ್ರಶ್ನೆ ಏಳುತ್ತದೆ.

ಬಾಯ್ಲರಿಗೆ ಒಂದು ಇಂಚಿನ ಹಿತ್ತಾಳೆ ಕೊಳವೆ ಸಾಕಾಯಿತು, ತಗಡು ಸುತ್ತುವ ತಾಪತ್ರಯ ಇಲ್ಲ. ಮೋಟಾರಿಗಾಗಿ ಕೆಳಭಾಗ ಸೀಳಿ ತೆಗೆದೆ. ತೊಟ್ಟಿ, ಕ್ಯಾಬು, ಬಂಕರ್ ಎಲ್ಲ 0.45 ಮಿ.ಮೀ. ತಗಡು. ಈ ಎಂಜಿನ್ನಿನ ಬಂಕರನ್ನು ಐಲ್ ಆಫ್ ವೈಟಿನಲ್ಲಿದ್ದಾಗ ಹಿಂದಕ್ಕೆ ಹಿಗ್ಗಿಸಿದ್ದರು, ಅದನ್ನು ಫೋಟೋ ನೋಡಿ ಸರಿಹೊಂದಿಸಿದೆ. ಕ್ಯಾಬಿನ ಬಾಗಿಲ ಸುತ್ತ ಬರುವ ಏಣು 0.5 ಮಿ.ಮೀ. ತಂತಿ: ಮೊದಲು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಬಾಗಿಲ ಮೂಲೆಗೆ ಬೆರಳಲ್ಲೇ ಒತ್ತಿ, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಒಳಗಡೆಯಿಂದ ಪೂರ್ತಿ ಹರಿಸಿದೆ.

ಬೆಸುಗೆಗೆ 60 ವಾಟಿನ ಐರನ್ನು, ಎಲೆಕ್ಟ್ರಾನಿಕ್ಸ್ ಅಂಗಡಿಯ 60/40 ತಂತಿ. ಒಳಗೆ ರಾಳ ಇರುವ ತಂತಿ ಹಿತ್ತಾಳೆಗೆ ಒಗ್ಗುವುದಿಲ್ಲ, ಕಲೆ ಬಿಡುತ್ತದೆ. ಬರೀ ಸೀಸ-ತವರದ ತಂತಿ ಕೇಳಿ ತಂದು, ತೆಳು ಫಾಸ್ಫಾರಿಕ್ ಆಸಿಡನ್ನು ಕುಂಚದಲ್ಲಿ ಹಚ್ಚಿ ಕೆಲಸ ಮಾಡಬೇಕು. ಪ್ರತಿ ಸಲ ಕೆಲಸ ಮುಗಿದ ಮೇಲೆ ಸೋಡಾ ಪುಡಿ ಹಾಕಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯದಿದ್ದರೆ ಮರುದಿನಕ್ಕೇ ಹಸಿರು ಹತ್ತುತ್ತದೆ. ಕಿಟಕಿ ತೆರೆದಿಟ್ಟುಕೊಳ್ಳಿ, ಆ ಹೊಗೆ ಒಳ್ಳೆಯದಲ್ಲ.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡಿದ್ದು ಚಿಮಣಿ. ಮೈಭಾಗವನ್ನು ಲೇತ್ ಇರುವ ಪರಿಚಯದವರೊಬ್ಬರು ತಿರುಗಿಸಿ ಕೊಟ್ಟರು. ಬುಡ ಮಾತ್ರ ಲೇತಿನಲ್ಲಿ ಆಗುವ ಕೆಲಸ ಅಲ್ಲ. ಚಿಮಣಿಯ ಬುಡ ಹೊಗೆಪೆಟ್ಟಿಗೆಯ ದುಂಡು ಬೆನ್ನಿನ ಮೇಲೆ ಕೂರಬೇಕು. ಮುಂದಿನಿಂದ ನೋಡಿದರೆ ಒಂದು ಬಾಗು, ಪಕ್ಕದಿಂದ ನೋಡಿದರೆ ಇನ್ನೊಂದು, ಅಂಚು ಎಲ್ಲ ಕಡೆ ಒಂದೇ ತೆಳುವಿಗೆ ಬಂದು ಮುಗಿಯಬೇಕು. ಲೇತಿನವರಿಗೆ ಬುಡದಲ್ಲಿ ದಪ್ಪ ಚಕ್ಕೆ ಬಿಡಲು ಹೇಳಿ, ಕೆಳಮೈಯನ್ನು ಮರಳುಕಾಗದ ಸುತ್ತಿದ ಕೊಳವೆಯ ಮೇಲೆ ತೀಡಿದೆ, ಮೇಲ್ಮೈಯನ್ನು ಅರ್ಧದುಂಡು ಸೂಜಿ ಅರದಲ್ಲಿ ಇಷ್ಟಿಷ್ಟೇ ತೆಗೆದೆ. ಅರ ಹಾಕಿದ ಜಾಗಕ್ಕೆ ಮಾರ್ಕರಿನ ಕಪ್ಪು ಬಳಿದು ಮತ್ತೆ ಒಂದು ಎಳೆತ. ಎಲ್ಲಿ ಹೊಳೆಯುತ್ತದೋ ಅಲ್ಲಿ ಉಬ್ಬಿದೆ. ಚಿಮಣಿ ಒಂದು ಕೂದಲು ಓರೆಯಾದರೂ ಎಂಜಿನ್ನಿನ ಮುಖವೇ ಕೆಡುತ್ತದೆ. ಅದಕ್ಕೆ ಬೆಸೆಯುವ ಮೊದಲು ಕಿಟಕಿಯ ಸರಳಿಗೆ ಕಣ್ಣಳತೆ ಹಿಡಿದು ನೇರ ನೋಡಿಕೊಂಡೆ.

ಬಾಯ್ಲರಿನ ಬೆನ್ನ ಮೇಲಿನ ಗುಮ್ಮಟದ ಸೇಫ್ಟಿ ವಾಲ್ವಿನ ಎರಡು ಸ್ಪ್ರಿಂಗ್ ತಕ್ಕಡಿಗಳು 1 ಮಿ.ಮೀ. ಕೊಳವೆ, 0.3 ಮಿ.ಮೀ. ತಂತಿ. ಹಿಡಿಕಂಬಿ, ಮೆಟ್ಟಿಲು, ದೀಪದ ಕೊಕ್ಕೆ ಎಲ್ಲ ಹೀಗೇ, ಹೇಳುವಂಥದ್ದೇನಿಲ್ಲ.

ಸೀಸ

ಇಷ್ಟೆಲ್ಲ ಆದ ಮೇಲೆ ತೂಗಿದರೆ ಮೋಟಾರ್, ಗಾಲಿ ಸೇರಿ 300 ಗ್ರಾಮಿನ ಸನಿಹ. ಅಸಲಿಯನ್ನು ಕುಗ್ಗಿಸಿದಾಗ ಬರುವ ತೂಕದ ಹತ್ತಿರವೇ ಬಂದಿತ್ತು. ಎಳೆಯಲು ಅದು ಸಾಲದು. ಉಕ್ಕಿನ ಗಾಲಿಗೂ ಹಳಿಗೂ ನಡುವೆ ಸಿಗುವ ಹಿಡಿತ ತೂಕದ ಐದನೇ ಒಂದು ಪಾಲು ಅಂತ ಇಟ್ಟುಕೊಂಡರೆ 300 ಗ್ರಾಮಿನ ಎಂಜಿನ್ನು ಎಳೆಯುವುದು 60 ಗ್ರಾಮಿನ ಬಲದಿಂದ. ಅಸಲಿಯಲ್ಲೂ ಹಿಡಿತದ ಪಾಲು ಹೆಚ್ಚುಕಡಿಮೆ ಅಷ್ಟೇ. ಆದರೆ ಅಸಲಿ ಬೋಗಿಯ ಬೇರಿಂಗು ಅದರ ತೂಕಕ್ಕೆ ಹೋಲಿಸಿದರೆ ಬಹಳ ನುಣುಪು. ಮಾದರಿ ಬೋಗಿಯಲ್ಲಿ ಘರ್ಷಣೆ ತೂಕದಷ್ಟು ಕುಗ್ಗುವುದಿಲ್ಲ, ತಿರುವಿನಲ್ಲಿ ಇನ್ನೂ ಏರುತ್ತದೆ.

ಸೀಸ ಎಲ್ಲಿ ತುಂಬುವುದು ಎಂಬುದಕ್ಕೆ ಉತ್ತರ ಎಂಜಿನ್ನಿನಲ್ಲೇ ಇತ್ತು. ಅಸಲಿ ತೊಟ್ಟಿಗಳು 500 ಗ್ಯಾಲನ್ ನೀರು ಹಿಡಿಯುತ್ತಿದ್ದವು, ಸುಮಾರು 2,270 ಲೀಟರ್. ಕುಗ್ಗಿಸಿದರೆ ಎರಡೂ ತೊಟ್ಟಿ ಸೇರಿ 27 ಮಿ.ಲೀ. ಚಿಲ್ಲರೆ. ನೀರಾದರೆ 27 ಗ್ರಾಂ. ಸೀಸ ನೀರಿಗಿಂತ 11 ಪಟ್ಟಿಗೂ ಹೆಚ್ಚು ಭಾರ, ಹಾಗಾಗಿ ಅಷ್ಟೇ ಜಾಗಕ್ಕೆ 310 ಗ್ರಾಂ. ನೀರಿದ್ದ ಜಾಗವನ್ನು ಸೀಸಕ್ಕೆ ಕೊಟ್ಟರೆ ಎಂಜಿನ್ನಿನ ತೂಕ ದುಪ್ಪಟ್ಟಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸೈಡ್ ಟ್ಯಾಂಕ್ ಎಂಜಿನ್ನು ಆರಿಸಿದ್ದರ ದೊಡ್ಡ ಲಾಭ ಇದು. ಟೆಂಡರ್ ಇರುವ ಎಂಜಿನ್ನಿನಲ್ಲಿ ನೀರು ಹಿಂದಿನ ಗಾಡಿಯಲ್ಲಿರುತ್ತದೆ. ಅಲ್ಲಿ ಎಷ್ಟು ಸೀಸ ತುಂಬಿದರೂ ಎಳೆಯುವ ಗಾಲಿಗಳ ಮೇಲೆ ಬೀಳುವುದಿಲ್ಲ.

ಟೈರ್ ಅಂಗಡಿಯಿಂದ ಹಳೆಯ ಬ್ಯಾಲೆನ್ಸಿಂಗ್ ತುಂಡುಗಳನ್ನು ತಂದೆ. ಈಗ ಅದರಲ್ಲಿ ಉಕ್ಕಿನವೂ ಸತುವಿನವೂ ಸೇರಿರುತ್ತವೆ. ಉಗುರಿನಿಂದ ಗೀರಿದರೆ ಗೆರೆ ಬೀಳುವುದು ಸೀಸ. ಸುತ್ತಿಗೆಯಲ್ಲಿ ಬಡಿದು ತಗಡಾಗಿಸಿ, ತೊಟ್ಟಿಯ ಅಳತೆಗೆ ಕತ್ತರಿಸಿ, ಪದರ ಪದರವಾಗಿ ಒತ್ತಿದೆ. ಗುಂಡುಗಳಾಗಿ ಸುರಿದರೆ ನಡುವೆ ಗಾಳಿ ಉಳಿದು ಮೂರನೇ ಒಂದಕ್ಕಿಂತ ಹೆಚ್ಚು ಜಾಗ ಪೋಲಾಗುತ್ತದೆ. ಅಂಟಿಗೆ ಎಪಾಕ್ಸಿಯೇ ಆಗಬೇಕು. ಮರಕ್ಕೆ ಹಾಕುವ ಬಿಳಿ ಅಂಟು ಹಾಕಿದರೆ ಅದರ ಆಮ್ಲಕ್ಕೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬುತ್ತದೆ, ವರ್ಷ ಕಳೆಯುವುದರೊಳಗೆ ತೊಟ್ಟಿಯ ಬೆಸುಗೆಯನ್ನೇ ಬಿಚ್ಚಿಹಾಕುತ್ತದೆ. ಮಾದರಿ ಕಟ್ಟುವವರ ನಡುವೆ ಇದು ಗೊತ್ತಿರುವ ಕಾಟ. ಸೀಸ ಮುಟ್ಟುವಾಗ ಕೈಗವಸು, ಅರ ಹಾಕಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಇವೆರಡನ್ನೂ ಬಿಡಬೇಡಿ.

ತೂಕ ಎಷ್ಟು ಎಂಬುದಕ್ಕೆ ಸಮನಾಗಿ ಮುಖ್ಯ ಅದು ಎಲ್ಲಿ ಬೀಳುತ್ತದೆ ಎಂಬುದು. ತೊಟ್ಟಿಗಳು ಮುಂದಿನ ಎರಡು ಅಚ್ಚುಗಳ ಕಡೆಗಿವೆ. ನನ್ನ ಮೋಟಾರ್ ತಿರುಗಿಸುವುದು ಹಿಂದಿನ ಸ್ಥಿರ ಅಚ್ಚನ್ನು. ಎಂಜಿನ್ನನ್ನು ಒಂದು ತ್ರಿಕೋನ ಪಟ್ಟಿಯ ಮೇಲೆ ತಕ್ಕಡಿಯ ಹಾಗೆ ನಿಲ್ಲಿಸಿ ನೋಡಿದಾಗ ತೂಕದ ಕೇಂದ್ರ ನಡುವಿನ ಅಚ್ಚಿಗಿಂತ ಮುಂದಿತ್ತು. ತೂಗುಪಟ್ಟಿಯ ಪಿನ್ನಿಗೂ ಹಿಂದಿನ ಅಚ್ಚಿಗೂ 63 ಮಿ.ಮೀ. ದೂರ, ಮೂರೂ ಅಚ್ಚುಗಳಿಗೆ ಸಮಪಾಲು ಬರಬೇಕಾದರೆ ಕೇಂದ್ರ ಪಿನ್ನಿನಿಂದ 21 ಮಿ.ಮೀ. ಹಿಂದಿರಬೇಕು, ಅಂದರೆ ಸರಿಯಾಗಿ ನಡುವಿನ ಅಚ್ಚಿನ ಮೇಲೆ. ತೊಟ್ಟಿಯ ಮುಂಭಾಗದ ಸೀಸ ಸ್ವಲ್ಪ ತೆಗೆದು ಬಂಕರಿನ ತಳಕ್ಕೂ ಕ್ಯಾಬಿನ ನೆಲದ ಕೆಳಗೂ ಹಾಕಿದೆ. ಕೇಂದ್ರ ಜಾಗಕ್ಕೆ ಬಂತು, ಒಟ್ಟು ತೂಕ 590 ಗ್ರಾಂ.

ಬಣ್ಣ, ಓಟ

ಬ್ರಿಟಿಷ್ ರೈಲ್ವೇಸ್ ಕಾಲದ ಕಪ್ಪು. ಅದರ ಮೇಲೆ ಕೆಂಪು, ಕೆನೆ, ಬೂದು ಗೆರೆಗಳು. ಪೂರ್ತಿ ಕಪ್ಪು ಹಾಕಿದರೆ ತಗಡಿನ ಏಣು, ರಿವೆಟ್ಟು ಎಲ್ಲ ಮುಳುಗಿಹೋಗುತ್ತವೆ. ಹಾಗಾಗಿ ಕಪ್ಪಿಗೆ ಹತ್ತರಲ್ಲಿ ಒಂದು ಪಾಲು ಕಡುಬೂದು ಬೆರೆಸಿ ಏರ್‌ಬ್ರಷ್ಷಿನಲ್ಲಿ ಬಳಿದೆ. ಅದಕ್ಕೂ ಮೊದಲು ಹಿತ್ತಾಳೆಗೆ ಎಚ್ (etch) ಪ್ರೈಮರ್, ಲೋಹವನ್ನು ಕೊಂಚ ಕೊರೆದು ಹಿಡಿಯುವ ತಳಬಣ್ಣ. ಸಾಮಾನ್ಯ ಪ್ರೈಮರ್ ಉಗುರಿಗೇ ಎದ್ದುಬರುತ್ತದೆ. ಗೆರೆಗಳಿಗೆ ರೂಲಿಂಗ್ ಪೆನ್ನು, ಇಂಜಿನಿಯರಿಂಗ್ ಡ್ರಾಯಿಂಗಿಗೆ ಹಿಂದೆ ಬಳಸುತ್ತಿದ್ದದ್ದು. ಬಣ್ಣ ಹಾಲಿನಷ್ಟು ತೆಳು ಇದ್ದರೆ ಹರಿಯುತ್ತದೆ, ಗೆರೆ ತಪ್ಪಿದರೆ ಒದ್ದೆ ಇರುವಾಗಲೇ ಮೊಂಡು ಕಡ್ಡಿಯಿಂದ ಒರೆಸಬಹುದು.

ಹಳಿಯ ಮೇಲೆ ಇಟ್ಟು ಸಣ್ಣ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಸಿದೆ. ಗಾಲಿ ಜಾರಲು ಶುರುವಾದದ್ದು 115 ಗ್ರಾಮಿನ ಆಸುಪಾಸು, ಐದನೇ ಒಂದು ಪಾಲಿನ ಅಂದಾಜಿಗೆ ಸರಿಯಾಗಿ. ಎರಡು ಬೋಗಿ ಸಮತಟ್ಟಿನಲ್ಲಿ ನಿರಾಯಾಸ. ಮೂರನೆಯದು ಸೇರಿಸಿದರೆ ತಿರುವಿನಲ್ಲಿ ಗಾಲಿ ಜಾರುತ್ತದೆ. ಕವಲು ಹಾದಿಯ ಎಂಜಿನ್ನಿಗೆ ಎರಡು ಬೋಗಿ ಸಾಕು. ಇನ್ನಷ್ಟು ಸೀಸ ತುರುಕಿ ಮೂರನ್ನು ಎಳೆಸುವ ಆಸೆ ನನಗಿಲ್ಲ. ಆ ಭಾರಕ್ಕೆ ಎನ್20ಯ ಪುಟ್ಟ ಗೇರುಗಳು ಸವೆಯುತ್ತವೆ. ಗಾಲಿ ಜಾರುವುದು ಮೋಟಾರಿಗೆ ರಕ್ಷಣೆ. ಎಂಜಿನ್ನು ಎಲ್ಲಾದರೂ ಸಿಕ್ಕಿಕೊಂಡರೆ ಗೇರಿನ ಹಲ್ಲು ಮುರಿಯುವ ಬದಲು ಗಾಲಿ ಸುಮ್ಮನೆ ತಿರುಗಬೇಕು, ತೂಕದ ಮೇಲ್ಮಿತಿಯನ್ನು ನಾನು ಇಟ್ಟುಕೊಂಡದ್ದು ಈ ಲೆಕ್ಕದಲ್ಲೇ.

ನಿಧಾನದ ಓಟ ಬಹಳ ಚೆನ್ನಾಗಿದೆ. 2 ವೋಲ್ಟಿಗೇ ಚಲಿಸಲು ಶುರು, ಹಳಿ ಕವಲೊಡೆಯುವ ಪಾಯಿಂಟುಗಳ ಮೇಲೆ ತೊದಲಿಲ್ಲ. ತೂಗುಪಟ್ಟಿಯ ಪಿನ್ನಿಗೆ ತಿಂಗಳಿಗೊಮ್ಮೆ ಒಂದು ಹನಿ ಗಡಿಯಾರದ ಎಣ್ಣೆ ಬೇಕು. ಕಪ್ಲಿಂಗ್ ರಾಡಿನ ಗೆಣ್ಣಿಗೂ ಅಷ್ಟೇ. ಹೊಲಿಗೆ ಮೆಷಿನ್ನಿನ ಎಣ್ಣೆ ಹರಡಿಕೊಂಡು ಗಾಲಿಯ ಒಳಮೈಗೆ ಬಂದು ಕರೆಂಟಿನ ತಂತಿಯನ್ನು ಹೊಲಸು ಮಾಡುತ್ತದೆ, ಅದು ಬೇಡ. ತಂತಿಗಳು ಕಪ್ಪಾದಾಗ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒತ್ತಡ ಇದೆಯೇ ಅಂತ ಒಂದೊಂದನ್ನೂ ಸೂಜಿಯಿಂದ ಎತ್ತಿ ಬಿಟ್ಟು ನೋಡಿ.